ಒಂದು ಖೋಲಿಯ ಸಂಸಾರ

ಬೆಂಗಳೂರು, ಪುಣೆ ಕಡೆಯ ಬಾಡಿಗೆ ಜಾಹೀರಾತುಗಳಲ್ಲಿ ‘ಸ್ಟುಡಿಯೋ ಅಪಾರ್ಟ್‌ಮೆಂಟ್’ ಅಂತ ಒಂದು ಮಾತು ಬರ್ತದೆ. ಮಲಗೋದು, ಓದೋದು, ಅಡುಗೆ ಎಲ್ಲ ಒಂದೇ ಕೋಣೆಯಲ್ಲಿ, ಬಚ್ಚಲು ಮಾತ್ರ ಬೇರೆ. ನಮ್ಮ ಬಾಗಲಕೋಟೆಯಲ್ಲಿ ಇದಕ್ಕೆ ಅಷ್ಟು ದೊಡ್ಡ ಹೆಸರಿಲ್ಲ, ‘ಒಂದು ಖೋಲಿ’ ಅಂತಾರೆ. ವಿದ್ಯಾಗಿರಿಯಲ್ಲೋ ನವನಗರದ ಯಾವುದೋ ಸೆಕ್ಟರಿನಲ್ಲೋ, ಮಾಲಕರು ಕೆಳಗೆ ಇರ್ತಾರೆ, ಮಾಳಿಗೆ ಮೇಲೆ ಹತ್ತು ಅಡಿ ಅಗಲ ಹನ್ನೆರಡು ಅಡಿ ಉದ್ದದ ಒಂದು ಖೋಲಿ ನಮಗೆ ಬಾಡಿಗೆಗೆ ಸಿಗ್ತದೆ. ಹಾಸ್ಟೆಲ್ ಬಿಟ್ಟು ಇಂಥ ಖೋಲಿ ಹಿಡಿಯೋರು ಮೊದಲ ವಾರದಲ್ಲೇ ಒಂದಿಷ್ಟು ದುಡ್ಡು ಸುರೀತಾರೆ. ಮಂಚ, ಫೋಮ್ ಗಾದಿ, ಬಟ್ಟೆಯ ಮಡಚೋ ಕಪಾಟು, ದಪ್ಪ ಪರದೆ, ಗೋಡೆಗೆ ಹಚ್ಚೋ ಮಿಣುಕು ದೀಪದ ಸರ. ಮೊಬೈಲಿನಲ್ಲಿ ನೋಡಿದ ಖೋಲಿ ಹಂಗೇ ಇತ್ತಲ್ಲ! ಏಪ್ರಿಲ್ ಬಂದ ಮೇಲೆ ಗೊತ್ತಾಗ್ತದೆ, ಆ ವಿಡಿಯೋದವರ ಊರಿನಲ್ಲಿ ಚಳಿ ಇತ್ತು ಅಂತ.

ಈ ಬರಹದ ಮಾತು ಇಷ್ಟೇ. ನಮ್ಮ ಕಡೆ ಖೋಲಿ ಹೂಡುವಾಗ ಮೊದಲು ನೋಡಬೇಕಾದ್ದು ಸಾಮಾನಲ್ಲ. ಮೊದಲು ಮೇಲ್ಛಾವಣಿ, ಆಮೇಲೆ ಕರೆಂಟು, ಆಮೇಲೆ ನೀರು, ಕೊನೆಗೆ ಸಾಮಾನು. ಇದು ಹೊಸ ಸಂಶೋಧನೆ ಏನೂ ಅಲ್ಲ. ಈ ಜಿಲ್ಲೆಯ ಹಳೇ ಮನೆ ಕಟ್ಟಿದವರಿಗೆ ಗೊತ್ತಿದ್ದ ವಿಷಯವೇ. ನಾವು ಥರ್ಮಲ್ ಓದಿ ಪಾಸಾಗಿ ಮರೆತಿದ್ದೇವೆ ಅಷ್ಟೇ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಖೋಲಿಯಲ್ಲಿ ವಾರಕ್ಕೆ ಎಷ್ಟು ದಿನ ಇರ್ತೀರಿ? ಬಾದಾಮಿಯವರಿಗೆ ಗದಗ–ಹೋಟಗಿ ಹಳಿಯ ರೈಲು ಇದೆ. ಹುನಗುಂದ, ಇಳಕಲ್ಲಿನವರು ಅಮೀನಗಡ, ಕಮತಗಿ ದಾಟಿ ಬಸ್ಸಿನಲ್ಲಿ ಬರ್ತಾರೆ. ಇವರಲ್ಲಿ ಬಹಳ ಮಂದಿ ಶನಿವಾರ ಊರಿಗೆ ಹೋಗಿ ಸೋಮವಾರ ಬುತ್ತಿ ಸಮೇತ ವಾಪಸ್ ಬರೋರು. ಅಂಥವರಿಗೆ ಬೇಕಾಗಿರೋದು ಐದು ದಿನದ ಖೋಲಿ. ಐದು ಜೊತೆ ಬಟ್ಟೆ ಸಾಕು ಅಂದಮೇಲೆ ಕಪಾಟು ಯಾಕೆ? ಬೀದರ್ ಕಡೆಯಿಂದಲೋ ಶಿವಮೊಗ್ಗ ಕಡೆಯಿಂದಲೋ ಬಂದು ಸೆಮಿಸ್ಟರ್ ಪೂರ್ತಿ ಇಲ್ಲೇ ಇರೋರ ಲೆಕ್ಕ ಬೇರೆ.

ತಲೆ ಮೇಲಿನ ಒಲೆ

ಖೋಲಿ ನೋಡೋಕೆ ಹೋಗೋರು ಸಾಮಾನ್ಯವಾಗಿ ಬೆಳಿಗ್ಗೆ ಹೋಗ್ತಾರೆ. ತಂಪಾಗಿರ್ತದೆ, ಗಾಳಿ ಆಡ್ತಿರ್ತದೆ, ಅಡ್ವಾನ್ಸ್ ಕೊಟ್ಟು ಬರ್ತಾರೆ. ನೋಡಬೇಕಾದ ಹೊತ್ತು ಸಂಜೆ ಐದರಿಂದ ಏಳು. ಯಾಕೆ ಅನ್ನೋದನ್ನ ಲೆಕ್ಕ ಹಾಕಿಯೇ ನೋಡೋಣ.

ಬಾಗಲಕೋಟೆ ಇರೋದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಆಸುಪಾಸು, ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗ್ತದೆ. ಆಗಸ್ಟಿನಲ್ಲಿ ಮೋಡ ಕಾಯ್ತದೆ. ಮೇ ತಿಂಗಳಲ್ಲಿ ಕಾಯೋರು ಯಾರೂ ಇಲ್ಲ. ಆಗ ಮಧ್ಯಾಹ್ನದ ಬಿಸಿಲು ಗೋಡೆಗೆ ಹೆಚ್ಚು ಬೀಳೋದಿಲ್ಲ, ಎಲ್ಲಾ ಛಾವಣಿಗೇ. ಬಿಸಿಲಿನ ಬಲ ಒಂದು ಚದರ ಮೀಟರಿಗೆ ಹತ್ತತ್ರ 1000 ವ್ಯಾಟ್. ನಮ್ಮ ಹತ್ತು–ಹನ್ನೆರಡರ ಖೋಲಿಯ ಛಾವಣಿ 11 ಚದರ ಮೀಟರ್, ಅಂದರೆ 11 ಕಿಲೋವ್ಯಾಟ್. ಹಳೇ ಬೂದು ಕಾಂಕ್ರೀಟು ಇದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೀರಿಕೊಳ್ತದೆ. ನಿಮ್ಮ ತಲೆ ಮೇಲೆ ಏಳು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟಂಗೆ ಆಯ್ತು. ಅದರಲ್ಲಿ ಬಹಳಷ್ಟು ಗಾಳಿಗೆ, ಆಕಾಶಕ್ಕೆ ವಾಪಸ್ ಹೋಗ್ತದೆ ನಿಜ. ಉಳಿದದ್ದು ಸ್ಲ್ಯಾಬಿನೊಳಗೆ ಇಳೀತದೆ.

ಇಳಿಯೋಕೆ ಹೊತ್ತು ಬೇಕು. ದಿನಕ್ಕೊಮ್ಮೆ ಏರಿ ಇಳಿಯೋ ಬಿಸಿಯ ಅಲೆ ಒಂದು ವಸ್ತುವಿನೊಳಗೆ ಎಷ್ಟು ಆಳ ಹೋಗ್ತದೆ ಅನ್ನೋದು ಆ ವಸ್ತುವಿನ ಉಷ್ಣ ಪ್ರಸರಣ ಗುಣದ ಮೇಲೆ ನಿಂತಿದೆ. ಕಾಂಕ್ರೀಟಿಗೆ ಒರಟು ಲೆಕ್ಕದಲ್ಲಿ 15 ಸೆಂಟಿಮೀಟರಿಗೆ ಅಲೆಯ ಎತ್ತರ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಉಳೀತದೆ. ನಮ್ಮ ಖೋಲಿಗಳ ಆರ್‌ಸಿಸಿ ಸ್ಲ್ಯಾಬು ಸಾಮಾನ್ಯವಾಗಿ ಐದು ಇಂಚು, ಅಂದರೆ ಹನ್ನೆರಡೂವರೆ ಸೆಂಟಿಮೀಟರ್. ಹೊರಗಿನ ಏರಿಳಿತದ ನೂರಕ್ಕೆ ನಲವತ್ತು ಪಾಲಿನಷ್ಟು ಒಳಗೆ ಬರ್ತದೆ, ಅದೂ ಮೂರು ತಾಸು ತಡವಾಗಿ. ಸ್ಲ್ಯಾಬಿನ ಮೇಲ್ಮೈ ಕಾಯೋದು ಮಧ್ಯಾಹ್ನ ಎರಡಕ್ಕೆ, ಒಳಮೈ ಕಾಯೋದು ಐದಕ್ಕೆ. ನಾವು ಲ್ಯಾಬು ಮುಗಿಸಿ ಬಂದು ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯೋದು ಇದೇ. ಹೊರಗೆ ತಂಗಾಳಿ, ಒಳಗೆ ಭಟ್ಟಿ. ಫ್ಯಾನು ಹಾಕಿದರೆ ಆ ಬಿಸಿಯನ್ನೇ ಕೆಳಗೆ ತಳ್ತದೆ.

ಈಗ ಅದೇ ಲೆಕ್ಕವನ್ನ ಹಳೇ ಮಾಳಿಗೆ ಮನೆಗೆ ಹಾಕಿ. ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದಿ. ಮಣ್ಣು ಒಂದು ಅಡಿ ದಪ್ಪ ಅಂತ ಹಿಡಿದರೆ ಹೊರಗಿನ ಏರಿಳಿತದಲ್ಲಿ ಒಳಗೆ ಬರೋದು ನೂರಕ್ಕೆ ಎಂಟು ಪಾಲು, ತಡ ಒಂಬತ್ತು–ಹತ್ತು ತಾಸು. ಅಂದರೆ ಮಧ್ಯಾಹ್ನದ ಬಿಸಿ, ಅದೂ ಅಳಿದುಳಿದದ್ದು, ನಡುರಾತ್ರಿಗೆ ಕೆಳಗೆ ಮುಟ್ತದೆ. ಬೇಸಿಗೆಯಲ್ಲಿ ಆ ಹೊತ್ತಿಗೆ ಮಂದಿ ಅಂಗಳದಲ್ಲೋ ಮಾಳಿಗೆ ಮೇಲೋ ಮಲಗಿರ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ ಬಾದಾಮಿ ಗುಹೆಗಳು. ಮೂರನೇ ಗುಹೆಯ ಶಾಸನದ ಕಾಲ ಕ್ರಿ.ಶ. 578. ಶಿಲ್ಪ ನೋಡಲು ಹೋದವರು ಒಂದು ಸಲ ಮೇ ತಿಂಗಳ ಮಧ್ಯಾಹ್ನ ಗರ್ಭಗುಡಿಯ ಗೋಡೆಗೆ ಕೈ ಇಟ್ಟು ನೋಡಿ. ಮೇಲೆ ಅಷ್ಟು ಎತ್ತರದ ಕೆಂಪು ಮರಳುಗಲ್ಲು ಇದ್ದಾಗ ದಿನದ ಬಿಸಿ ಒಳಗೆ ತಲುಪೋದೇ ಇಲ್ಲ. ಅದೇ ಕಲ್ಲಿನ ತೆಳ್ಳನೆ ಚಪ್ಪಡಿ ಹೊದಿಸಿದ ಮನೆ ಕೇಳಿದರೆ ಕಥೆಯೇ ಬೇರೆ. ಕಲ್ಲು ತಂಪು ಅಂತ ಸುಮ್ಮನೆ ಹೇಳ್ತೇವೆ, ತಂಪು ಇರೋದು ದಪ್ಪದಲ್ಲಿ.

ಬಾಡಿಗೆ ಖೋಲಿಗೆ ಒಂದು ಅಡಿ ಮಣ್ಣು ಹಾಕ್ತೇವೆ ಅಂದರೆ ಮಾಲಕರು ಓಡಿಸ್ತಾರೆ. ಮಾಡಬಹುದಾದ ಕೆಲಸ ಮೂರು. ಸಾಧ್ಯವಿದ್ದರೆ ಮೇಲೆ ಇನ್ನೊಂದು ಮಹಡಿ ಇರೋ ಖೋಲಿ ಹಿಡೀರಿ, ಬಾಡಿಗೆ ತುಸು ಹೆಚ್ಚಾದರೂ ಸರಿ. ಎರಡನೇದು, ಮಾಲಕರನ್ನ ಒಪ್ಪಿಸಿ ಫೆಬ್ರುವರಿ ಕೊನೆಗೆ ಛಾವಣಿಗೆ ಸುಣ್ಣ ಬಳೀರಿ. ಬಿಳಿ ಸುಣ್ಣ ಬಿಸಿಲಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಹೀರ್ತದೆ. ಏಳು ಇಸ್ತ್ರಿ ಪೆಟ್ಟಿಗೆಯ ಜಾಗದಲ್ಲಿ ಮೂರು ಅಂದುಕೊಳ್ಳಿ. ಸುಣ್ಣಕ್ಕೆ ತುಸು ಫೆವಿಕಾಲ್ ಬೆರೆಸಿ ಎರಡು ಕೋಟು ಹೊಡೆದರೆ ಮಳೆ ಬರೋ ತನಕ ಬರ್ತದೆ. ಇಬ್ಬರಿಗೆ ಒಂದು ರವಿವಾರದ ಕೆಲಸ. ಈ ಇಡೀ ಬರಹದಲ್ಲಿ ಕೊಟ್ಟ ರೊಕ್ಕಕ್ಕೆ ಇದರಷ್ಟು ಲಾಭದ ಬಾಬತ್ತು ಇನ್ನೊಂದಿಲ್ಲ. ಮೂರನೇದು, ಛಾವಣಿಯ ಮೇಲೆ ಹಳೇ ಗೋಣಿಚೀಲ ಹಾಸಿ ಸಂಜೆ ನೀರು ಚಿಮುಕಿಸೋದು. 10 ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 6.7 ಯೂನಿಟ್ ಕರೆಂಟಿನಷ್ಟು ಬಿಸಿಯನ್ನ ಜೊತೆಗೆ ಒಯ್ತದೆ. ಆದರೆ ನೀರು ಇದ್ದರೆ ಮಾತ್ರ ಈ ಮಾತು.

ಪಶ್ಚಿಮಕ್ಕೆ ಕಿಟಕಿ ಇದ್ದರೆ ದಪ್ಪ ಪರದೆ ಒಳಗೆ ಹಾಕಬೇಡಿ. ಗಾಜು ದಾಟಿದ ಬಿಸಿ ಪರದೆಗೆ ತಾಗಿ ಖೋಲಿಯಲ್ಲೇ ಉಳೀತದೆ. ತಡೆಯೋದು ಹೊರಗೇ ಆಗಬೇಕು. ನರ್ಸರಿಗೆ ಕಟ್ಟೋ ಹಸಿರು ನೆಟ್ ಎರಡು ಪದರ ಮಾಡಿ ಕಿಟಕಿ ಹೊರಗೆ ಕಟ್ಟಿದರೆ ಸಾಕು. ಕಿಟಕಿಗೆ ಜಾಳಿಗೆಯೂ ಇರಲಿ. ಸೊಳ್ಳೆಯ ಸಲುವಾಗಿ ಅಂತಾರೆ, ಬಾದಾಮಿಯವರಿಗೆ ಕೇಳಿದರೆ ಮಂಗ್ಯಾನ ಸಲುವಾಗಿ ಅಂತಾರೆ.

ಗೋಡೆಯೊಳಗಿದ್ದ ಸಾಮಾನು

ಹಳೇ ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಅವರದೇ ಹೆಸರು. ಹಿನ್ನೀರು ಏರಿದಂತೆ ಊರಿನ ಬಹುಭಾಗ ಜಾಗ ಬಿಡಬೇಕಾಯ್ತು. ಅದಕ್ಕಾಗಿಯೇ ಕಟ್ಟಿದ ಊರು ನವನಗರ. ನಾವು ಸೆಕ್ಟರ್ ನಂಬರಿನಿಂದ ಗುರುತಿಸೋ ಈ ಓಣಿಗಳಲ್ಲಿ ಎಷ್ಟೋ ಮನೆತನಗಳು ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವು. ನಮ್ಮ ಖೋಲಿ ಮಾಲಕರಲ್ಲೂ ಅಂಥವರಿದ್ದಾರೆ.

ಅವರ ಜೊತೆ ಕೂತು ಹಳೇ ಮನೆ ಹೆಂಗಿತ್ತು ಅಂತ ಕೇಳಿ ನೋಡಿ. ಯಾರೂ ಚದರಡಿ ಹೇಳೋದಿಲ್ಲ, ಅಂಕಣ ಹೇಳ್ತಾರೆ: “ನಮ್ದು ನಾಕ ಅಂಕಣದ ಮನಿ ಇತ್ತು ನೋಡಪಾ.” ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಒಂದೇ ಅಂಕಣದಲ್ಲಿ ಹಗಲು ಊಟ, ಮಾತುಕತೆ, ಮಕ್ಕಳ ಪಾಟಿ–ಪುಸ್ತಕ, ರಾತ್ರಿ ನಾಲ್ಕು ಮಂದಿ ಮಲಗೋದು. ಇದೂ ಒಂಥರಾ ಸ್ಟುಡಿಯೋ ಅಪಾರ್ಟ್‌ಮೆಂಟೇ ಅಲ್ಲವಾ? ಆದರೆ ಅಲ್ಲಿ ಇಕ್ಕಟ್ಟು ಕಾಣ್ತಿರಲಿಲ್ಲ. ಕಾರಣ ಸಾಮಾನು ಕಡಿಮೆ ಇತ್ತು ಅಂತಲ್ಲ. ಸಾಮಾನೆಲ್ಲ ಗೋಡೆಯೊಳಗೆ ಇತ್ತು.

ಎರಡಡಿ ದಪ್ಪದ ಗೋಡೆಯಲ್ಲಿ ಗೂಡು. ಚಿಮಣಿಗೆ ಒಂದು, ಪುಸ್ತಕಕ್ಕೆ ಒಂದು, ದೇವರಿಗೆ ಒಂದು. ಬಟ್ಟೆಗೆ ಗೋಡೆಯಲ್ಲಿ ಹೂತ ಕಟ್ಟಿಗೆಯ ಗೂಟ. ತಲೆಗಿಂತ ಮೇಲೆ ಅಡ್ಡ ಹಲಗೆಯ ನಾಗೊಂದಿಗೆ, ಅದರ ಮೇಲೆ ಡಬ್ಬಿ, ಪಾತ್ರೆ. ಹಾಲು ಮೊಸರು ಬೆಕ್ಕಿಗೆ ಸಿಗದಂತೆ ತೊಲೆಗೆ ತೂಗಿದ ನೆಲವು. ಜೋಳಕ್ಕೆ ನೆಲದೊಳಗೆ ಹಗೇವು. ಕೂರೋಕೆ ಬಾಗಿಲ ಆಚೀಚೆ ಕಟ್ಟೆ. ಕಪಾಟು, ರ‍್ಯಾಕು, ಸೋಫಾ ಎಲ್ಲವೂ ಇತ್ತು, ನೆಲದ ಮೇಲೆ ಮಾತ್ರ ಯಾವುದೂ ಇರಲಿಲ್ಲ. ಮುಳುಗಡೆಯಲ್ಲಿ ಟ್ರಂಕು, ಪಾತ್ರೆ ಹೊತ್ತು ತರಬಹುದಿತ್ತು. ಗೂಡು ಹೊತ್ತು ತರೋದು ಹೆಂಗೆ? ಹೊಸ ಊರಿನಲ್ಲಿ ಗೋಡೆ ತೆಳುವಾಯ್ತು, ಗೂಡು ಹೋಯ್ತು, ಅವುಗಳ ಕೆಲಸಕ್ಕೆ ಅಂಗಡಿಯಿಂದ ತಿಜೋರಿ, ಕಪಾಟು, ದಿವಾನ ಬಂದವು. ಅವೆಲ್ಲ ನೆಲ ಹಿಡಿದವು. ಪರಿಹಾರದ ಲೆಕ್ಕದಲ್ಲಿ ಗೋಡೆಗೆ ಬೆಲೆ ಕಟ್ಟಿರಬಹುದು, ಆ ಗೋಡೆ ಮಾಡ್ತಿದ್ದ ಕೆಲಸಕ್ಕೆ ಬೆಲೆ ಕಟ್ಟೋದು ಯಾರಿಗೂ ಬರೋದಿಲ್ಲ.

ಬಾಡಿಗೆ ಖೋಲಿಯಲ್ಲಿ ನಾವು ಮಾಡಬೇಕಾದ್ದು ಬೋಳು ಗೋಡೆಗೆ ಈ ಗೂಡು, ಗೂಟ, ನಾಗೊಂದಿಗೆಗಳನ್ನ ವಾಪಸ್ ಕೊಡೋದು. 120 ಚದರಡಿ ನೆಲದಲ್ಲಿ ಮಂಚಕ್ಕೆ 18, ಕಪಾಟಿಗೆ 6, ಟೇಬಲ್ಲು–ಕುರ್ಚಿಗೆ 14, ಅಡುಗೆ ಕಟ್ಟೆಗೆ 8, ಬಾಗಿಲು ತೆರೆಯೋ ಜಾಗಕ್ಕೆ 9. ಇಬ್ಬರಿದ್ದರೆ ಇದರಲ್ಲಿ ಅರ್ಧದಷ್ಟು ಎರಡೆರಡು ಸಲ ಬರ್ತದೆ. ನಡೆಯೋಕೆ ಜಾಗವೇ ಇಲ್ಲ. ಅದೇ ಖೋಲಿಯ ನಾಲ್ಕು ಗೋಡೆ ಸೇರಿ ಹತ್ತಡಿ ಎತ್ತರಕ್ಕೆ 440 ಚದರಡಿ. ಅದನ್ನ ಯಾರೂ ಮುಟ್ಟೋದಿಲ್ಲ.

ಬಾಗಿಲ ಹಿಂದೆ ಒಂದು ಕಟ್ಟಿಗೆ ಪಟ್ಟಿ, ಅದಕ್ಕೆ ಎಂಟು ಕೊಕ್ಕೆ. ಇದು ಬಟ್ಟೆಯ ಗೂಟ. ಕಿಟಕಿಯ ಮೇಲ್ಮಟ್ಟದಲ್ಲಿ ಗೋಡೆಯುದ್ದಕ್ಕೂ ಒಂಬತ್ತು ಇಂಚು ಅಗಲದ ಒಂದೇ ಹಲಗೆ, ಕೆಳಗೆ ಕಬ್ಬಿಣದ ಬ್ರ್ಯಾಕೆಟ್ಟು. ಇದು ನಾಗೊಂದಿಗೆ. ಟೆಕ್ಸ್ಟ್‌ಬುಕ್ಕು, ಡಬ್ಬಿ, ಸೂಟ್‌ಕೇಸು ಎಲ್ಲ ಅಲ್ಲಿಗೆ. ಮೊಳೆ ಹೊಡೆಯೋ ಮುಂಚೆ ಮಾಲಕರಿಗೆ ಕೇಳಿ. ಡ್ರಿಲ್ಲು ಹಾಕೋ ಮುಂಚೆ ಸ್ವಿಚ್ ಬೋರ್ಡಿನ ನೆಟ್ಟಗೆ ಮೇಲೆ–ಕೆಳಗೆ ಹಾಕಬೇಡಿ, ಕನ್ಸೀಲ್ಡ್ ಪೈಪು ಅಲ್ಲೇ ಹೋಗಿರ್ತದೆ. ಪುಸ್ತಕದ ಭಾರ ಕಡಿಮೆ ಅಂತ ತಿಳೀಬೇಡಿ: ಒಂದು ಅಡಿ ಉದ್ದದ ಸಾಲಿಗೆ ಹತ್ತು ಕಿಲೋದ ಆಸುಪಾಸು ಆಗ್ತದೆ. ಎರಡೂವರೆ ಅಡಿಗೆ ಒಂದು ಬ್ರ್ಯಾಕೆಟ್ಟು ಬೇಕೇ ಬೇಕು.

ಟೇಬಲ್ಲಿನ ವಿಷಯದಲ್ಲಿ ಇಳಕಲ್ಲಿನ ಗೆಳೆಯರದು ಒಂದು ಆಸೆ ಇರ್ತದೆ. ಊರ ತುಂಬ ಗ್ರಾನೈಟು, ಪಾಲಿಶ್ ಮಾಡಿದ ತುಂಡು ಅಗ್ಗಕ್ಕೆ ಸಿಗ್ತದೆ, ಅದನ್ನೇ ತಂದು ಟೇಬಲ್ ಮಾಡೋಣ ಅಂತ. ಇಳಕಲ್ಲಿನ ಕೆಂಪು ಕಲ್ಲು ನೋಡೋಕೆ ಚಂದ, ಅದರ ಮಾತೇ ಬೇಡ. ಆದರೆ ನಾಲ್ಕಡಿ ಉದ್ದ, ಎರಡಡಿ ಅಗಲ, 18 ಮಿಲಿಮೀಟರ್ ದಪ್ಪದ ತುಂಡು 36 ಕಿಲೋ ತೂಗ್ತದೆ. ಖೋಲಿ ಬಿಡೋ ದಿನ ಮೂರನೇ ಮಹಡಿಯಿಂದ ಇಳಿಸುವಾಗ ಕಲ್ಲಿನ ಚಂದ ಎಲ್ಲಾ ಹೊರಗೆ ಬರ್ತದೆ. ಅಡುಗೆ ಒಲೆ ಇಡೋಕೆ ಒಂದು ಸಣ್ಣ ತುಂಡು ತನ್ನಿ, ಸಾಕು. ಓದೋಕೆ ಪ್ಲೈವುಡ್ಡಿನ ಮಡಚೋ ಟೇಬಲ್ಲು.

ಕೌದಿ, ಗಾದಿ, ಹೊರಸು

ಹಾಸಿಗೆಯಲ್ಲಿ ಕಂಜೂಸಿ ಮಾಡಬಾರದು ಅಂತ ಎಲ್ಲರೂ ಹೇಳ್ತಾರೆ, ಸರಿ. ದುಬಾರಿ ಫೋಮೇ ತರಬೇಕು ಅಂತ ಅದರ ಅರ್ಥ ಅಲ್ಲ. ಫೋಮು ಬಿಸಿಯನ್ನ ಹೊರಗೆ ಬಿಡೋದಿಲ್ಲ, ಬೆವರನ್ನೂ ಹೀರೋದಿಲ್ಲ. ನಮ್ಮ ಹವೆಗೆ ಹತ್ತಿಯ ಗಾದಿ ವಾಸಿ. ಊರಲ್ಲಿ ಹಳೇ ಗಾದಿ ಇದ್ದರೆ ಹತ್ತಿ ಪಿಂಜಿಸಿ ಹೊಸ ಖೋಳು ಹಾಕಿಸಿ, ಹೊಸದರಂತೆ ಆಗ್ತದೆ. ತಿಂಗಳಿಗೊಮ್ಮೆ ಛಾವಣಿಯ ಬಿಸಿಲಿಗೆ ಹಾಕಿದರೆ ತಗಣಿಯ ಕಾಟ ಕಡಿಮೆಯಾದರೂ ಆಗಬಹುದು. ಆ ಬಿಸಿಲು ಇಷ್ಟಾದರೂ ಉಪಕಾರಕ್ಕೆ ಬರಲಿ.

ಮನೆಯಿಂದ ತಪ್ಪದೆ ತರಬೇಕಾದ್ದು ಕೌದಿ. ಹಳೇ ಸೀರೆ, ಧೋತರ, ಅಂಗಿಯ ತುಂಡುಗಳನ್ನ ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿಗೆ ಹಾಕಿದ ಹೊದಿಕೆ. ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಲ್ಲಿ ಇದು ಇಲ್ಲದ ಮನೆ ಸಿಗೋದು ಕಷ್ಟ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ನೇಯುವಾಗಲೇ ಕೊಂಡಿ ಹಾಕಿ ಕೂಡಿಸ್ತಾರೆ ಅನ್ನೋದು ಗೊತ್ತಿರಬಹುದು. ಹತ್ತಿಯ ಮೈ ಇರೋ ಸೀರೆ ಇಪ್ಪತ್ತು ವರ್ಷ ಉಟ್ಟು, ಒಗೆದು ಬೆಣ್ಣೆಯಂತೆ ಮೆತ್ತಗಾದ ಮೇಲೆ ಕೌದಿಯಾಗ್ತದೆ. ಬೇಸಿಗೆಯಲ್ಲಿ ಫೋಮಿನ ಮೇಲೆ ಹಾಸಿದರೆ ಬೆವರು ಹೀರ್ತದೆ, ಚಳಿಯಲ್ಲಿ ಹೊದೀಬಹುದು, ಹಗಲು ಸುತ್ತಿಟ್ಟರೆ ಗೋಡೆಗೆ ಒರಗೋ ದಿಂಬು. ಒಂದೇ ಸಾಮಾನು, ಮೂರು ಕೆಲಸ. ಪೇಟೆಯಲ್ಲಿ ಈಗ ಇದನ್ನೇ ಕೈಹೊಲಿಗೆಯ ಕಲೆ ಅಂತ ದೊಡ್ಡ ದರಕ್ಕೆ ಮಾರ್ತಾರೆ. ನಿಮಗೆ ಅಮ್ಮ, ಆಯಿ ಪುಕ್ಕಟೆ ಕೊಡ್ತಾರೆ, ನಾಚಿಕೆ ಪಟ್ಟು ಬಿಟ್ಟು ಬರಬೇಡಿ.

ಮಂಚ ಬೇಕೋ ಬೇಡವೋ? ಶಹಾಬಾದ ಫರಸಿಯ ನೆಲ ಇದ್ದರೆ ಮೇ ತಿಂಗಳಲ್ಲಿ ನೆಲದಷ್ಟು ಸುಖ ಮಂಚದಲ್ಲಿಲ್ಲ. ಬಿಸಿ ಗಾಳಿ ಮೇಲೆ ನಿಲ್ತದೆ, ನೆಲದ ಹತ್ತಿರ ಎರಡು–ಮೂರು ಡಿಗ್ರಿ ಕಡಿಮೆ ಇದ್ದರೂ ಇರಬಹುದು. ಮಳೆಗಾಲದಲ್ಲಿ ಇರುವೆ, ಚೇಳಿನ ಅಂಜಿಕೆ ಇರೋರಿಗೆ ಮಡಚೋ ಕಾಟು ಅಥವಾ ಹೊರಸು. ಹೊರಸಿನ ಹೆಣಿಗೆಯ ಕೆಳಗೆ ಗಾಳಿ ಆಡ್ತದೆ, ಹಗಲು ಗೋಡೆಗೆ ನಿಲ್ಲಿಸಬಹುದು. ಬಾಕ್ಸ್ ಕಾಟು ಮಾತ್ರ ಬೇಡ. ಅದು ಒಂದು ಸಲ ಖೋಲಿಗೆ ಬಂದರೆ ಖೋಲಿ ಅದರದೇ.

ಕೂಲರಿನ ನೀರು

ನಮ್ಮ ಬೇಸಿಗೆ ಒಣ ಬೇಸಿಗೆ. ಗಾಳಿ 40 ಡಿಗ್ರಿ, ತೇವಾಂಶ ನೂರಕ್ಕೆ 20 ಇರೋ ಮಧ್ಯಾಹ್ನ ಒದ್ದೆ ಬಲ್ಬಿನ ಉಷ್ಣಾಂಶ 23ರ ಸಮೀಪ ಇರ್ತದೆ. ಒಳ್ಳೇ ಪ್ಯಾಡಿನ ಕೂಲರು ಈ ಎರಡರ ನಡುವಿನ ಅಂತರದಲ್ಲಿ ನೂರಕ್ಕೆ 70ರಷ್ಟು ಇಳಿಸ್ತದೆ ಅಂದರೆ 28 ಡಿಗ್ರಿಯ ಗಾಳಿ. ಎಸಿಗೆ ಕಡಿಮೆ ಏನಿಲ್ಲ, ಅದೂ 200 ವ್ಯಾಟಿನೊಳಗೆ. ಜುಲೈ ಬಂದರೆ ಅದೇ ಕೂಲರು ಕೆಲಸಕ್ಕಿಲ್ಲ. ಹೊರಗೆ 30 ಡಿಗ್ರಿ, ತೇವಾಂಶ 75 ಇದ್ದಾಗ ಇಳಿಯೋದು ಎರಡೂವರೆ ಡಿಗ್ರಿ, ಜೊತೆಗೆ ಗೋಡೆ, ಪುಸ್ತಕಕ್ಕೆ ಬೂಸ್ಟು.

ಬಹಳ ಮಂದಿ ಕೂಲರು ಹಚ್ಚಿ ಬಾಗಿಲು, ಕಿಟಕಿ ಎಲ್ಲ ಮುಚ್ತಾರೆ, ಎಸಿ ಹಚ್ಚಿದಂಗೆ. ಅರ್ಧ ತಾಸಿಗೆ ಖೋಲಿಯ ಗಾಳಿ ತೇವದಿಂದ ತುಂಬಿ ಬಚ್ಚಲಾಗ್ತದೆ. ಕೂಲರಿಗೆ ಒಂದು ಕಡೆಯಿಂದ ಹೊರಗಿನ ಒಣಗಾಳಿ ಸಿಗಬೇಕು, ಇನ್ನೊಂದು ಕಡೆಯಿಂದ ತೇವದ ಗಾಳಿ ಹೋಗಬೇಕು.

ಇನ್ನು ನೀರು. ತಾಸಿಗೆ 1500 ಘನ ಮೀಟರ್ ಗಾಳಿ ಹಾಯಿಸೋ ಕೂಲರು ಅಂಥ ಮಧ್ಯಾಹ್ನ ತಾಸಿಗೆ ಸುಮಾರು 8 ಲೀಟರ್ ನೀರು ಕುಡೀತದೆ. ಆರು ತಾಸಿಗೆ 48 ಲೀಟರ್. ನಗರದ ನೀರಿನ ಯೋಜನೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡೀತಾರೆ, ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೂಲರಿಗೇ ಹೋಯ್ತು. ಖೋಲಿ ಹಿಡಿಯೋ ಮುಂಚೆ ನಳ ಎಷ್ಟು ದಿನಕ್ಕೊಮ್ಮೆ ಬರ್ತದೆ, ಮೇಲಿನ ಟಾಕಿ ಎಷ್ಟು ಮಂದಿಗೆ, ಬೋರು ಬೇಸಿಗೆಯಲ್ಲಿ ಎಳೀತದಾ ಅಂತ ಕೇಳೋದು ಇದಕ್ಕೇ. ಕೇಳಬೇಕಾದ್ದು ಮಾಲಕರನ್ನಲ್ಲ, ಈಗ ಅಲ್ಲಿರೋ ಹುಡುಗರನ್ನ. ಕುಡಿಯೋಕೆ ಒಂದು ಮಣ್ಣಿನ ಹರವಿ ಇಟ್ಟರೆ ಫ್ರಿಜ್ಜಿನ ಮಾತೇ ಬರೋದಿಲ್ಲ. ಬೆವರೋ ಹರವಿಯೂ ಕೂಲರೇ. ಅದಕ್ಕೇ ಕಿಟಕಿಯ ಗಾಳಿಗೆ ಇಡಬೇಕು, ಮೂಲೆಯಲ್ಲಿ ಅಲ್ಲ.

ಆರು ಆಂಪಿಯರಿನ ಗುಂಡಿ

ಇಲ್ಲಿ ತಮಾಷೆ ಬೇಡ. ಹಳೇ ಖೋಲಿಗಳಲ್ಲಿ ಸಾಮಾನ್ಯವಾಗಿ ಇರೋದು 6 ಆಂಪಿಯರಿನ ಒಂದೋ ಎರಡೋ ಪ್ಲಗ್ಗು. 230 ವೋಲ್ಟಿಗೆ 6 ಆಂಪಿಯರ್ ಅಂದರೆ 1380 ವ್ಯಾಟ್. ಇಂಡಕ್ಷನ್ ಒಲೆಯ ಮೇಲೆ 2000 ವ್ಯಾಟ್ ಅಂತ ಬರೆದಿರ್ತದೆ, 8.7 ಆಂಪಿಯರ್. ಅದರ ದಪ್ಪ ಪಿನ್ನು ಈ ಪ್ಲಗ್ಗಿಗೆ ಕೂರೋದಿಲ್ಲ. ಕೂರದೇ ಇರೋದೇ ಎಚ್ಚರಿಕೆ! ನಾವು ಏನು ಮಾಡ್ತೇವೆ? ಒಂದು ಕನ್ವರ್ಟರ್ ಪಿನ್ನು ತಂದು ಕೂರಿಸ್ತೇವೆ. ಕರೆಂಟು ಒಂದೂವರೆ ಪಟ್ಟು ಆದಾಗ ತಂತಿ, ಸಂಪರ್ಕದಲ್ಲಿ ಹುಟ್ಟೋ ಬಿಸಿ ವರ್ಗಕ್ಕೆ ತಕ್ಕಂತೆ ಎರಡು ಪಟ್ಟು ದಾಟ್ತದೆ. ಸಡಿಲ ಪಿನ್ನು ಇದ್ದರೆ ಇನ್ನೂ ಹೆಚ್ಚು. ಮೊದಲು ಬೋರ್ಡು ಹಳದಿಯಾಗ್ತದೆ, ಆಮೇಲೆ ಮೀನಿನಂಥ ಒಂದು ಸುಟ್ಟ ವಾಸನೆ. ಆ ವಾಸನೆ ಬಂದರೆ ಮೇನ್ ಬಂದ್ ಮಾಡಿ ಮೊದಲು, ಕಾರಣ ಆಮೇಲೆ ಹುಡುಕಿ.

ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ನಾಲ್ಕು ಪ್ಲಗ್ಗು ಇವೆ ಅಂದ ಮಾತ್ರಕ್ಕೆ ಕರೆಂಟು ನಾಲ್ಕು ಪಟ್ಟು ಆಗೋದಿಲ್ಲ. ಲ್ಯಾಪ್‌ಟಾಪು 65 ವ್ಯಾಟ್, ಫ್ಯಾನು 75, ಎಲ್‌ಇಡಿ 9, ಮೊಬೈಲು 20. ಇವೆಲ್ಲ ಒಂದರ ಮೇಲೆ ನಡೀತಾವೆ. ಕೆಟಲ್, ಇಸ್ತ್ರಿ, ಇಂಡಕ್ಷನ್, ನೀರು ಕಾಸೋ ರಾಡು, ಈ ನಾಲ್ಕಕ್ಕೆ ಗೋಡೆಯ 16 ಆಂಪಿಯರ್ ಪ್ಲಗ್ಗೇ ಬೇಕು, ಒಂದು ಸಲಕ್ಕೆ ಒಂದೇ. ಖೋಲಿಯಲ್ಲಿ ಅಂಥ ಪ್ಲಗ್ಗು ಇಲ್ಲದಿದ್ದರೆ ಅಡ್ವಾನ್ಸ್ ಕೊಡೋ ಮುಂಚೆಯೇ ಮಾಲಕರಿಗೆ ಹೇಳಿ ಪ್ರತ್ಯೇಕ ತಂತಿ ಎಳೆಸಿ. ಕೊಟ್ಟ ಮೇಲೆ ಯಾರೂ ಎಳೆಸೋದಿಲ್ಲ. ಅರ್ಥಿಂಗ್ ಇದೆಯಾ ಅಂತ ನೋಡೋದು ಇಲೆಕ್ಟ್ರಿಕಲ್‌ನ ಗೆಳೆಯನಿಗೆ ಹತ್ತು ನಿಮಿಷದ ಕೆಲಸ. ಡಿಸ್ಟ್ರಿಬ್ಯೂಷನ್ ಬಾಕ್ಸಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಆ ಮನೆಗೆ ಬಾಡಿಗೆ ನೂರು ರೂಪಾಯಿ ಹೆಚ್ಚು ಕೊಡಬಹುದು. ಎಂಸಿಬಿ ತಂತಿಯನ್ನ ಕಾಯ್ತದೆ, ಮನುಷ್ಯನನ್ನ ಕಾಯೋದು ಆರ್‌ಸಿಸಿಬಿ.

ರಾಡಿನ ಬಗ್ಗೆ ಒಂದು ಮಾತು. 15 ಲೀಟರಿನ ಬಕೆಟ್ಟು 25ರಿಂದ 42 ಡಿಗ್ರಿಗೆ ಏರೋಕೆ 1500 ವ್ಯಾಟಿನ ರಾಡಿಗೆ ಹನ್ನೆರಡು ನಿಮಿಷ ಸಾಕು. ಹಚ್ಚಿ ಮಲಗೋ ಅಗತ್ಯವೇ ಇಲ್ಲ. ಬಕೆಟ್ಟು ಪ್ಲಾಸ್ಟಿಕ್ಕಿನದೇ ಇರಲಿ, ಸ್ವಿಚ್ ಆರಿಸಿ ಪಿನ್ನು ಕಿತ್ತ ಮೇಲೆಯೇ ನೀರಿಗೆ ಕೈ.

ಬಿಲ್ಲಿನ ಕಡೆ ಬರೋಣ. ಹಳೇ 75 ವ್ಯಾಟಿನ ಫ್ಯಾನು ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್, ಬಿಎಲ್‌ಡಿಸಿ ಫ್ಯಾನು 30 ವ್ಯಾಟಿಗೆ 11 ಯೂನಿಟ್. ಹೆಸ್ಕಾಂ ಮೀಟರು ನಿಮ್ಮ ಖೋಲಿಗೆ ಪ್ರತ್ಯೇಕ ಇದ್ದರೆ 2023ರಲ್ಲಿ ಬಂದ ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ತಿಂಗಳಿಗೆ 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಕಟ್ಟಬೇಕು. ಮಾಲಕರದೇ ಮೀಟರಿನಿಂದ ಸಬ್‌ಮೀಟರ್ ಹಾಕಿದ್ದರೆ ಯೂನಿಟ್ಟಿಗೆ ಎಷ್ಟು ಅಂತ ಮೊದಲ ದಿನವೇ ಬರೆಸಿಕೊಳ್ಳಿ.

ಅಡುಗೆ ಮತ್ತು ಉಳಿದದ್ದು

ಅಡುಗೆಗೆ ಜಾಸ್ತಿ ಸಾಮಾನು ಬೇಡ. ಜೋಳದ ರೊಟ್ಟಿ, ಪಲ್ಯ ಖಾನಾವಳಿಯಲ್ಲಿ ಸಿಗುವಾಗ ಖೋಲಿಯಲ್ಲಿ ತಟ್ಟೋ ಸಾಹಸ ಮಾಡೋರು ಕಡಿಮೆ. ಚಹಾ, ಅನ್ನ–ಸಾರು, ಅವಲಕ್ಕಿ, ಇಷ್ಟಕ್ಕೆ ಒಂದು ಮೂರು ಲೀಟರ್ ಕುಕ್ಕರು, ಒಂದು ಬೋಗುಣಿ, ಒಂದು ಕಡಾಯಿ, ತಲಾ ಒಂದು ತಾಟು ಸಾಕು. ಮನೆಯಿಂದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯ ಡಬ್ಬಿ ಬಂದರೆ ಅರ್ಧ ಅಡುಗೆ ಆದಂಗೆ. ಇಂಡಕ್ಷನ್ನಿಗೆ ಪ್ಲಗ್ಗು ಇಲ್ಲದಿದ್ದರೆ 5 ಕಿಲೋ ಸಿಲಿಂಡರ್ ಇದೆ, ವಿಳಾಸದ ದಾಖಲೆ ಇಲ್ಲದೆ ಗುರುತಿನ ಚೀಟಿಯ ಮೇಲೆ ಕೊಡ್ತಾರೆ. ಸಿಲಿಂಡರ್ ನಿಂತೇ ಇರಬೇಕು, ಕಿಟಕಿ ತೆರೆದಿರಬೇಕು, ಒಲೆಯ ಹತ್ತಿರ ಪರದೆ ಇರಬಾರದು. ಸಣ್ಣ ಸ್ಟೋವಿನ ಸಿಲಿಂಡರಿಗೆ ಅಂಗಡಿಯಲ್ಲಿ ಗ್ಯಾಸು ತುಂಬಿಸೋದು ಅಗ್ಗ ಅಂತ ಕಾಣ್ತದೆ, ಆ ದಾರಿಗೆ ಹೋಗಬೇಡಿ.

ಹೊಸದಾಗಿ ಕೊಳ್ಳಬೇಕಾದ್ದು ನನ್ನ ಲೆಕ್ಕದಲ್ಲಿ ಒಳ್ಳೇ ಫ್ಯಾನು, ಐಎಸ್‌ಐ ಗುರುತಿನ ಬೋರ್ಡು, ಗ್ಯಾಸಿನ ಪೈಪು, ಗಾದಿಯ ಖೋಳು, ಇಷ್ಟೇ. ಉಳಿದದ್ದೆಲ್ಲ ಹಳೇದು ನಡೀತದೆ. ಕೊನೇ ವರ್ಷದವರು ಖೋಲಿ ಬಿಡೋ ತಿಂಗಳಲ್ಲಿ ಕೂಲರು, ಕುರ್ಚಿ, ಕಾಟು ಬಂದ ದರಕ್ಕೆ ಕೊಡ್ತಾರೆ. ಕೂಲರು ತಗೊಳ್ಳುವಾಗ ಪಂಪು ಹಚ್ಚಿ ಮೂರೂ ಪ್ಯಾಡು ಪೂರ್ತಿ ನೆನೀತಾವಾ ಅಂತ ನೋಡಿ, ಮೈ ಕಬ್ಬಿಣದ್ದಾದರೆ ತಳದ ತುಕ್ಕು ನೋಡಿ, ಟೆಸ್ಟರ್ ಹಚ್ಚದೆ ಮೈ ಮುಟ್ಟಬೇಡಿ.

ಖೋಲಿ ಹಿಡಿದ ದಿನವೇ ಗೋಡೆ, ನೆಲ, ನಳ, ಬಾಗಿಲಿನ ಚಿಲಕ, ಮೀಟರಿನ ಅಂಕಿ, ಎಲ್ಲದರ ಫೋಟೋ ತೆಗೆದು ಮಾಲಕರಿಗೆ ವಾಟ್ಸಪ್ ಮಾಡಿ. ಬಿಡುವಾಗ ಅಡ್ವಾನ್ಸಿನ ಮಾತು ಬಂದಾಗ ಆ ಫೋಟೋ ಮಾತಾಡ್ತದೆ. ಮೊಳೆಯ ತೂತಿಗೆ ವೈಟ್ ಸಿಮೆಂಟ್ ತುಂಬಿ. ನಿಮ್ಮ ಹೆಸರಿಗೆ ಗೃಹಜ್ಯೋತಿ ಇದ್ದರೆ ಮೀಟರಿನ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಊರಿನ ಖೋಲಿಗೆ ಅರ್ಜಿ ಹಾಕುವಾಗ ತೊಡಕು. ಹಲಗೆ, ಬ್ರ್ಯಾಕೆಟ್ಟು ಬಿಚ್ಚಬೇಡಿ. ಮುಂದೆ ಬರೋ ಹುಡುಗರಿಗೆ ನಾಗೊಂದಿಗೆ ಸಿದ್ಧ ಇರ್ತದೆ, ಮಾಲಕರೂ ಖುಷಿಯಾಗಿ ಅಡ್ವಾನ್ಸಿನ ಲೆಕ್ಕದಲ್ಲಿ ಬಣ್ಣದ ಖರ್ಚು ಹಿಡಿಯೋದು ಬಿಟ್ಟರೂ ಬಿಡಬಹುದು.